‘ಬ್ರಿಕ್’ ಚಿತ್ರದಲ್ಲಿ ಭಾಷೌಚಿತ್ಯವಿಚಾರ

೧. ಪ್ರಸ್ತಾವನೆ

ಪಾತ್ರಕ್ಕೆ ತಕ್ಕ ಮಾತು ಎಂಬುದು ನಾಟಕವಿಮರ್ಶೆಯ ಮೊದಲನೆಯ ಪಾಠ. ಅರಸನ ಬಾಯಲ್ಲಿ ಅರಸನ ಮಾತು, ಚೇಟನ ಬಾಯಲ್ಲಿ ಚೇಟನ ಮಾತು, ಬಾಲಕನ ಬಾಯಲ್ಲಿ ಬಾಲಕನ ಮಾತು ಇರಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಇದು ತಪ್ಪಿದರೆ ಅನೌಚಿತ್ಯವೆಂದೂ ಅನೌಚಿತ್ಯದಿಂದ ರಸಕ್ಕೆ ಹಾನಿಯೆಂದೂ ಪರೀಕ್ಷೆಗಳಲ್ಲಿ ಬರೆಯಿಸುತ್ತೇವೆ. ಪಾಠವು ಸರಿಯಾದುದೇ. ಆದರೆ ಔಚಿತ್ಯವನ್ನು ಕೇವಲ ಹೊಂದಾಣಿಕೆಯ ಲೆಕ್ಕವೆಂದು ಹಿಡಿದುಬಿಟ್ಟರೆ, ಲೆಕ್ಕಕ್ಕೆ ಸಿಕ್ಕದ ಕೆಲವು ಒಳ್ಳೆಯ ಕೃತಿಗಳನ್ನು ನಾವು ಅನ್ಯಾಯವಾಗಿ ತಳ್ಳಿಹಾಕಬೇಕಾಗುತ್ತದೆ. ಅಂಥ ಕೃತಿಯೊಂದನ್ನು ಎತ್ತಿಕೊಂಡು, ಔಚಿತ್ಯವೆಂಬ ಮಾತಿನ ನಿಜವಾದ ವ್ಯಾಪ್ತಿಯೆಷ್ಟೆಂದು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಆ ಕೃತಿಯು ಕಾವ್ಯವಲ್ಲ, ರಂಗದ ನಾಟಕವೂ ಅಲ್ಲ. ಅಮೆರಿಕಾ ದೇಶದ ಒಂದು ಚಲಚ್ಚಿತ್ರ. ಹೆಸರು ‘ಬ್ರಿಕ್’, ಎಂದರೆ ಇಟ್ಟಿಗೆ. ಬರೆದು ನಿರ್ದೇಶಿಸಿದವನು ರಯನ್ ಜಾನ್‌ಸನ್. ಇದು ಆತನ ಮೊದಲನೆಯ ಪೂರ್ಣಪ್ರಮಾಣದ ಚಿತ್ರ. ೨೦೦೫ನೆಯ ಇಸವಿಯ ಸಂಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ, ದೃಷ್ಟಿಯ ಸ್ವೋಪಜ್ಞತೆಗಾಗಿ ಅಲ್ಲಿಯ ವಿಶೇಷ ಬಹುಮಾನವನ್ನು ಪಡೆಯಿತು. ಮರುವರ್ಷ ಸಾರ್ವಜನಿಕ ಚಿತ್ರಮಂದಿರಗಳಿಗೆ ಬಂದಿತು. ಇದಕ್ಕೆ ತಗುಲಿದ ವೆಚ್ಚವು ೫ ಲಕ್ಷ ಡಾಲರಿಗೂ ಕಡಿಮೆ. ಚಿತ್ರೀಕರಣವು ಸುಮಾರು ೨೦ ದಿನಗಳಲ್ಲಿ ಮುಗಿಯಿತು. ಚಿತ್ರದ ಸ್ಥಳವು ಕ್ಯಾಲಿಫೋರ್ನಿಯಾದ ಸಾನ್ ಕ್ಲೆಮೆಂಟೆ ಎಂಬ ಕಡಲ ದಡದ ಊರು. ಅದರಲ್ಲಿಯೂ ನಿರ್ದೇಶಕನು ತಾನೇ ಓದಿದ ಹೈಸ್ಕೂಲು. ‘ನೈವ್ಸ್ ಔಟ್’ (೨೦೧೯) ಮುಂತಾದ ಚಿತ್ರಗಳಿಂದ ಈಗ ಲೋಕಪ್ರಸಿದ್ಧನಾಗಿರುವ ಈತನ ಪ್ರತಿಭೆಯು ಈ ಅಲ್ಪವ್ಯಯದ ಮೊದಲ ಕೃತಿಯಲ್ಲಿಯೇ ತನ್ನ ಅತಿ ಕಠಿಣವಾದ ಪರೀಕ್ಷೆಗೆ ಒಡ್ಡಿಕೊಂಡಿತು.

ಆ ಪರೀಕ್ಷೆ ಯಾವುದೆಂದರೆ: ಸುಮಾರು ಎಪ್ಪತ್ತೈದು ವರ್ಷಗಳ ಹಿಂದಿನ ಪತ್ತೇದಾರಿ ಕಥೆಗಳ ಪಳಗಿದ ಗಂಡಸರ ನುಡಿಯನ್ನು ಹದಿನಾರು ಹದಿನೇಳು ವರ್ಷದ ಶಾಲಾವಿದ್ಯಾರ್ಥಿಗಳ ಬಾಯಲ್ಲಿಟ್ಟು, ಪ್ರೇಕ್ಷಕರನ್ನು ನಗಿಸದೆ ಮರುಗಿಸಬೇಕೆಂಬುದು.

೨. ಕಥಾವಸ್ತು

ಚಿತ್ರವನ್ನು ಕಾಣದವರ ಸೌಕರ್ಯಕ್ಕಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಚರಂಡಿಯ ಸುರಂಗದ ಬಾಯಲ್ಲಿ, ಹರಿಯುವ ತೆಳುನೀರಿನಲ್ಲಿ, ಎಮಿಲಿ ಎಂಬ ಹುಡುಗಿಯ ಶವವು ಬಿದ್ದಿದೆ. ಎದುರಿಗೆ ಬ್ರೆಂಡನ್ ಫ್ರೈ ಎಂಬ ಹುಡುಗನು ಕುಕ್ಕುರುಗಾಲಿನಲ್ಲಿ ಕುಳಿತು ನೋಡುತ್ತಿದ್ದಾನೆ. ಇದು ಮೊದಲ ದೃಶ್ಯ. ಅನಂತರ ಕಥೆಯು ಎರಡು ದಿನ ಹಿಂದಕ್ಕೆ ಹೋಗುತ್ತದೆ. ತನ್ನನ್ನು ತೊರೆದುಹೋದ ಎಮಿಲಿಯಿಂದ ಬ್ರೆಂಡನ್ನನಿಗೆ ಒಂದು ಚೀಟಿ ಬರುತ್ತದೆ. ಚೀಟಿಯಲ್ಲಿ ಹೇಳಿದಂತೆ ರಸ್ತೆಯ ಬದಿಯ ಟೆಲಿಫೋನು ಗೂಡಿಗೆ ಹೋದಾಗ ಆಕೆಯ ದನಿ ಕೇಳಿಬರುತ್ತದೆ. ಆಕೆ ಭೀತಳಾಗಿದ್ದಾಳೆ. ಇಟ್ಟಿಗೆ, ಪಿನ್, ಟಗ್, ಪಾಪದ ಫ್ರಿಸ್ಕೊ ಎಂದು ಸಂಬಂಧವಿಲ್ಲದ ನಾಲ್ಕು ಮಾತುಗಳನ್ನು ಹೇಳಿ, ಹಠಾತ್ತಾಗಿ ಮಾತನ್ನು ಕಡಿದುಬಿಡುತ್ತಾಳೆ. ಬ್ರೆಂಡನ್ನನು ಆಕೆಯನ್ನು ಹುಡುಕುತ್ತಾನೆ, ಒಮ್ಮೆ ಕಾಣುತ್ತಾನೆ, ಆಕೆ ತನ್ನನ್ನು ಬಿಟ್ಟುಬಿಡೆಂದು ಬೇಡುತ್ತಾಳೆ. ಮುಂದೆ ಸಿಕ್ಕುವುದು ಶವವೇ.

ಆತನು ಪೊಲೀಸರಿಗೆ ತಿಳಿಸುವುದಿಲ್ಲ. ಶವವನ್ನು ಸುರಂಗದಲ್ಲಿ ಅಡಗಿಸಿ, ‘ಬ್ರೇನ್’ ಎಂಬ ಅಡ್ಡಹೆಸರಿನ ಮಿತ್ರನ ಸಹಾಯದಿಂದ ತಾನೇ ಶೋಧನೆಗೆ ಹೊರಡುತ್ತಾನೆ. ‘ಇಟ್ಟಿಗೆ’ಯೆಂದರೆ ಅಚ್ಚಿನಲ್ಲೊತ್ತಿದ ಹೆರಾಯಿನ್ ಎಂಬ ಮಾದಕವಸ್ತುವಿನ ಗಟ್ಟಿ, ‘ಪಿನ್’ ಎಂಬವನು ಅದನ್ನು ಮಾರುವ ಗುಂಪಿನ ಯಜಮಾನ, ‘ಟಗ್’ ಅವನ ಬಲಗೈಯಾದ ಮುಂಗೋಪಿ, ‘ಫ್ರಿಸ್ಕೊ’ ಆ ವಿಷಮಿಶ್ರಿತ ವಸ್ತುವನ್ನು ಸೇವಿಸಿ ಮೂರ್ಛೆಹೋದ ಒಬ್ಬ ಹುಡುಗ. ಬ್ರೆಂಡನ್ನನು ಏಟು ತಿನ್ನುತ್ತ, ರಕ್ತವನ್ನು ನುಂಗುತ್ತ, ಆ ಗುಂಪಿನೊಳಕ್ಕೆ ಹೊಗುತ್ತಾನೆ. ಟಗ್ಗನೇ ಕೊಂದವನು, ಆದರೆ ಅವನು ಕೊಲ್ಲುವಂಥ ಸಂದರ್ಭವನ್ನು ಹೆಣೆದವಳು ಬ್ರೆಂಡನ್ನನಿಗೆ ಉದ್ದಕ್ಕೂ ನೆರವಾಗಿ ನಿಂತ ಲಾರಾ ಎಂಬ ಚೆಲುವೆ. ಎಮಿಲಿಯು ಗರ್ಭಿಣಿಯಾಗಿದ್ದಳು. ಕೊನೆಯ ದೃಶ್ಯದಲ್ಲಿ, ಶಾಲೆಯ ಆಟದ ಬಯಲಿನ ನಡುವೆ, ಬ್ರೆಂಡನ್ನನು ಲಾರಾಳ ಕಪಟವನ್ನೆಲ್ಲ ಬಿಡಿಸಿ ಹೇಳಿ, ತಾನು ಆಕೆಯನ್ನು ಅಧಿಕಾರಿಗಳಿಗೆ ಒಪ್ಪಿಸಿರುವುದಾಗಿ ತಿಳಿಸುತ್ತಾನೆ. ಆಕೆ ಆ ಶಿಶುವಿನ ತಂದೆ ಯಾರೆಂಬ ಪ್ರಶ್ನೆಯನ್ನೆತ್ತಿ, ಅದು ಬ್ರೆಂಡನ್ನನದೇ ಎಂಬ ಇಂಗಿತವು ಹೊಳೆಯುವಂತೆ ಮಾತಾಡಿ, ಅವನ ಕಿವಿಯಲ್ಲಿ ಏನನ್ನೋ ಉಸುರಿ ಹೊರಟುಹೋಗುತ್ತಾಳೆ. ಆ ಮಾತು ನಮಗೆ ಕೇಳಿಸುವುದಿಲ್ಲ.

೩. ಪರಂಪರೆ

ಈ ಚಿತ್ರದ ಮೂಲವಂಶವು ಎರಡು ಕವಲುಗಳದು. ಒಂದು, ಡ್ಯಾಶಿಯಲ್ ಹ್ಯಾಮೆಟ್ಟನ ಕಾದಂಬರಿಗಳು. ಈತನು ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ಸ್ವತಃ ದುಡಿದು, ಆ ಅನುಭವದ ಬಲದಿಂದ ‘ರೆಡ್ ಹಾರ್ವೆಸ್ಟ್’ (೧೯೨೯), ‘ದಿ ಮಾಲ್ಟೀಸ್ ಫಾಲ್ಕನ್’ (೧೯೩೦), ‘ದಿ ಗ್ಲಾಸ್ ಕೀ’ (೧೯೩೧) ಮುಂತಾದುವನ್ನು ಬರೆದನು. ಇವನ ವಾಕ್ಯವು ಒಣಗಿದ ಸೌದೆಯಂತೆ ನೇರ, ಗಡುಸು. ಭಾವವನ್ನು ಹೆಸರಿಟ್ಟು ಕರೆಯದೆ ಕ್ರಿಯೆಯಿಂದಲೇ ತೋರಿಸುವುದು ಅದರ ಸ್ವಭಾವ. ಎರಡನೆಯದು, ಈ ಬಗೆಯ ಕಥೆಗಳಿಂದ ಹುಟ್ಟಿದ ಚಲಚ್ಚಿತ್ರಗಳು. ಜಾನ್ ಹ್ಯೂಸ್ಟನ್ನನು ೧೯೪೧ರಲ್ಲಿ ‘ಮಾಲ್ಟೀಸ್ ಫಾಲ್ಕನ್’ ಕಥೆಯನ್ನು ಚಿತ್ರವಾಗಿಸಿದನು. ಬಿಲ್ಲಿ ವೈಲ್ಡರನ ‘ಡಬಲ್ ಇಂಡೆಮ್ನಿಟಿ’ ೧೯೪೪ರಲ್ಲಿ ಬಂದಿತು. ಯುದ್ಧಾನಂತರ ಇವು ಒಟ್ಟಾಗಿ ಫ್ರಾನ್ಸ್ ದೇಶವನ್ನು ತಲುಪಿದಾಗ ನೀನೊ ಫ್ರಾಂಕ್ ಎಂಬ ವಿಮರ್ಶಕನು ೧೯೪೬ರಲ್ಲಿ ಇವುಗಳಿಗೆ ‘ಫಿಲ್ಮ್ ನುವಾರ್’, ಎಂದರೆ ಕಪ್ಪು ಚಿತ್ರ, ಎಂಬ ಹೆಸರನ್ನು ಬಳಸಿದನು. ಇರುಳು, ಮಳೆ, ನೆರಳು, ನಂಬಿಕೆಗೆಟ್ಟ ನಗರ, ಸೋಲುವೆನೆಂದು ತಿಳಿದೂ ನಡೆಯುವ ನಾಯಕ, ಅವನನ್ನು ಮರುಳುಮಾಡಿ ಕೆಡಿಸುವ ನಾಯಿಕೆ: ಇವು ಆ ಜಾತಿಯ ಸಾಮಾನ್ಯಲಕ್ಷಣಗಳು.

ಜಾನ್‌ಸನ್ನನು ಈ ಲಕ್ಷಣಗಳಲ್ಲಿ ಪಾತ್ರಗಳ ಚೌಕಟ್ಟನ್ನೂ ಭಾಷೆಯನ್ನೂ ಇಟ್ಟುಕೊಂಡು ಉಳಿದುದನ್ನು ಬದಲಾಯಿಸಿದನು. ಅವನ ಚಿತ್ರದ ಬಹುಭಾಗವು ನಡುಹಗಲಿನಲ್ಲಿ ನಡೆಯುತ್ತದೆ. ಇಕ್ಕಟ್ಟಿನ ಓಣಿಗಳ ಬದಲು ಬರಿದಾದ ಆಟದ ಬಯಲು, ಕಾರು ನಿಲ್ಲಿಸುವ ಅಂಗಳ, ಶಾಲೆಯ ಹಿಂಗೋಡೆ ಇವೆ. ಪೊಲೀಸು ಅಧಿಕಾರಿಯ ಸ್ಥಾನದಲ್ಲಿ ಶಾಲೆಯ ಸಹಾಯಕ ಉಪಪ್ರಾಂಶುಪಾಲನಿದ್ದಾನೆ. ಆ ಪಾತ್ರವನ್ನು ವಹಿಸಿದ ರಿಚರ್ಡ್ ರೌಂಡ್‌ಟ್ರೀ ಎಂಬ ನಟನು ೧೯೭೧ರ ‘ಶಾಫ್ಟ್’ ಚಿತ್ರದಲ್ಲಿ ತಾನೇ ಪತ್ತೇದಾರನಾಗಿ ಹೆಸರಾದವನೆಂಬುದನ್ನು ತಿಳಿದವರು ಇಲ್ಲಿ ಮುಗುಳ್ನಗುವರು. ‘ಮಾಲ್ಟೀಸ್ ಫಾಲ್ಕನ್’ ಕಥೆಯ ಕೊನೆಯಲ್ಲಿ ನಾಯಕನು ತಾನು ಒಲಿದವಳನ್ನೇ ನ್ಯಾಯಕ್ಕೆ ಒಪ್ಪಿಸುತ್ತಾನಷ್ಟೆ. ಬ್ರೆಂಡನ್ನನು ಲಾರಾಳನ್ನು ಒಪ್ಪಿಸುವುದು ಅದೇ ಅಚ್ಚಿನಲ್ಲಿ.

೪. ಪೂರ್ವಪಕ್ಷ

ಇಲ್ಲಿ ಆಕ್ಷೇಪವು ಸಹಜವಾಗಿಯೇ ಏಳುತ್ತದೆ. ಕಾಶ್ಮೀರದ ಕ್ಷೇಮೇಂದ್ರನು ಹನ್ನೊಂದನೆಯ ಶತಮಾನದಲ್ಲಿ ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯದ ೨೭ ಸ್ಥಾನಗಳನ್ನು ಎಣಿಸುವಾಗ ಕಾಲ, ದೇಶ, ಸ್ವಭಾವ, ಅವಸ್ಥೆ ಎಂಬುವನ್ನು ಸೇರಿಸಿದ್ದಾನೆ. ಈ ಚಿತ್ರದಲ್ಲಿ ಈ ನಾಲ್ಕೂ ಕೆಟ್ಟಿವೆಯೆಂದು ತೋರುತ್ತದೆ. ಪೊಲೀಸರನ್ನು ಗೂಳಿಗಳೆನ್ನುವ ಹಳೆಯ ಗುಟ್ಟುಮಾತು ೨೦೦೫ನೆಯ ಇಸವಿಯ ಹುಡುಗರದಲ್ಲ, ಕಾಲಾನೌಚಿತ್ಯ. ಮಹಾನಗರದ ಕೊಳಕು ಓಣಿಗಳ ನುಡಿಯು ಬಿಸಿಲೇರಿದ ಕಡಲೂರಿನದಲ್ಲ, ದೇಶಾನೌಚಿತ್ಯ. ಬದುಕಿನಲ್ಲಿ ನೊಂದು ಬೆಂದವನ ನಿಷ್ಠುರೋಕ್ತಿಯು ಹದಿಹರೆಯದ ಸ್ವಭಾವವಲ್ಲ. ಪಾಠಶಾಲೆಯ ಅವಸ್ಥೆಯಲ್ಲಿರುವವನು ಗೂಢಚಾರನಂತೆ ಮಾತಾಡುವುದು ಅವಸ್ಥೆಗೆ ವಿರುದ್ಧ.

ಕನ್ನಡದ ಲಾಕ್ಷಣಿಕನೂ ಈ ಆಕ್ಷೇಪಕ್ಕೆ ಸಾಕ್ಷಿ ಹೇಳುತ್ತಾನೆ. ಹಳೆಯ ಕಾವ್ಯಗಳಲ್ಲಿ ಚೆನ್ನಾಗಿ ಒಪ್ಪುವ ಪಳಗನ್ನಡವು ಇಂದಿನವರ ರಚನೆಯಲ್ಲಿ ಸವಿಗೆಡುತ್ತದೆಂಬ ಅಭಿಪ್ರಾಯವು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೇ ಇದೆ. ಹ್ಯಾಮೆಟ್ಟನ ನುಡಿಯು ಇಂಗ್ಲಿಷಿನಲ್ಲಿ ಅಂಥದೇ ಒಂದು ಪಳನುಡಿ.

ಇದರ ಫಲವೇನು? ಶೃಂಗಾರದ ಅನುಕರಣವೇ ಹಾಸ್ಯವೆಂದು ಭರತನ ಮತ. ಯಾವ ರಸವೇ ಆಗಲಿ ಅನೌಚಿತ್ಯದಿಂದ ಪ್ರವೃತ್ತವಾದರೆ ಅದು ಆಭಾಸವಾಗಿ ಹಾಸ್ಯಕ್ಕೆ ವಿಭಾವವಾಗುವುದೆಂದು ಅಭಿನವಗುಪ್ತನು ಅದನ್ನು ವಿಸ್ತರಿಸಿದ್ದಾನೆ. ಅಪ್ಪನ ಅಂಗಿಯನ್ನು ತೊಟ್ಟ ಮಗುವನ್ನು ಕಂಡರೆ ನಗು ಬರುವುದು ಲೋಕಸಿದ್ಧ. ಇದಕ್ಕೆ ಚಲಚ್ಚಿತ್ರದಲ್ಲಿಯೇ ನಿದರ್ಶನವುಂಟು. ಅಲನ್ ಪಾರ್ಕರನ ‘ಬಗ್ಸಿ ಮಲೋನ್’ (೧೯೭೬) ಎಂಬ ಚಿತ್ರದಲ್ಲಿ ದರೋಡೆಗಾರರ ಪಾತ್ರಗಳನ್ನೆಲ್ಲ ಮಕ್ಕಳೇ ವಹಿಸಿದ್ದಾರೆ. ಅವರ ಬಂದೂಕುಗಳಿಂದ ಗುಂಡಿನ ಬದಲು ಕೆನೆ ಚಿಮ್ಮುತ್ತದೆ. ಅಲ್ಲಿ ವಯಸ್ಸಿಗೂ ಮಾತಿಗೂ ಇರುವ ಅಂತರವೇ ವಿನೋದ. ಹಾಗಾದರೆ ‘ಬ್ರಿಕ್’ ಚಿತ್ರವೂ ಅಂಥದೊಂದು ವಿನೋದವಾಗಬೇಕಾಗಿತ್ತು. ಅದು ಗಂಭೀರವಾಗಿರಲು ಹವಣಿಸುವುದರಿಂದ ವಿನೋದವೂ ಆಗದೆ ಶೋಕವೂ ಆಗದೆ ನಡುವೆ ನಿಂತಿದೆ. ಹೀಗೆಂದು ಪೂರ್ವಪಕ್ಷ.

೫. ಸಿದ್ಧಾಂತ

ಇದಕ್ಕೆ ಸಮಾಧಾನವನ್ನು ಹೇಳುತ್ತೇವೆ. ನಾಟ್ಯಶಾಸ್ತ್ರವು ಪಾತ್ರಗಳಿಗೆ ಭಾಷೆಯನ್ನು ನಿಯಮಿಸಿದ ಕಡೆಯಲ್ಲಿಯೇ ಆ ನಿಯಮವನ್ನು ಮೀರುವ ಸಂದರ್ಭಗಳನ್ನೂ ಹೇಳಿದೆ. ಸಂಸ್ಕೃತವನ್ನಾಡತಕ್ಕ ನಾಯಕನು ವೇಷವನ್ನು ಮರೆಸಿಕೊಂಡಾಗ, ಐಶ್ವರ್ಯಮದದಿಂದ ಮೈಮರೆತಾಗ, ದಾರಿದ್ರ್ಯದಿಂದ ಕುಗ್ಗಿದಾಗ ಪ್ರಾಕೃತವನ್ನಾಡಬಹುದು. ರಾಣಿಯೂ ಗಣಿಕೆಯೂ ಕಾರ್ಯವಶದಿಂದ ಸಂಸ್ಕೃತವನ್ನಾಡಬಹುದು. ಇದನ್ನು ಭಾಷಾವ್ಯತಿಕ್ರಮವೆನ್ನುವರು. ಇದರಿಂದ ತಿಳಿಯತಕ್ಕುದೇನು? ಪಾತ್ರಕ್ಕೂ ಭಾಷೆಗೂ ಇರುವ ಸಂಬಂಧವು ಜಾತಿಮಾತ್ರದಿಂದ ಬಂದುದಲ್ಲ. ಅದು ಪಾತ್ರದ ಆ ಹೊತ್ತಿನ ಪ್ರಯೋಜನದಿಂದ ಬಂದುದು. ಕಾರಣವಿದ್ದರೆ ವ್ಯತಿಕ್ರಮವೂ ಉಚಿತವೇ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಯು, ಹುಡುಗರು ಹೀಗೆ ಮಾತಾಡುವರೇ ಎಂಬುದಲ್ಲ. ಈ ಹುಡುಗನು ಹೀಗೆ ಮಾತಾಡಲು ಕಾರಣವೇನು, ಆ ಕಾರಣವನ್ನು ಕವಿಯು ವ್ಯಂಜಿಸಿದ್ದಾನೆಯೇ ಎಂಬುದು.

ಚಿತ್ರದ ಸಮರ್ಥಕರು ಸಾಮಾನ್ಯವಾಗಿ ಬೇರೊಂದು ಸಮಾಧಾನವನ್ನು ಹೇಳುವುದುಂಟು. ಚಿತ್ರದ ಲೋಕದಲ್ಲಿ ಎಲ್ಲರೂ ಹೀಗೆಯೇ ಮಾತಾಡುತ್ತಾರೆ, ಒಬ್ಬರೂ ನಗುವುದಿಲ್ಲ, ಆದುದರಿಂದ ಇದು ಕವಿನಿರ್ಮಿತ ಲೋಕದ ನಿಯಮ, ನಾವು ಒಪ್ಪಿಕೊಳ್ಳತಕ್ಕದ್ದು ಎಂದು. ಈ ಮಾತು ಅಸತ್ಯವಲ್ಲ. ಪದ್ಯದಲ್ಲಿ ಮಾತಾಡುವ ನಾಟಕದ ಅರಸನನ್ನು ನಾವು ಒಪ್ಪುವುದು ಇದೇ ಕ್ರಮದಿಂದ. ಆದರೆ ಇದರಿಂದ ದೋಷದ ಪರಿಹಾರವಾಯಿತೇ ಹೊರತು ಗುಣದ ಸ್ಥಾಪನೆಯಾಗಲಿಲ್ಲ. ನಗು ಬರಲಿಲ್ಲವೆಂಬುದೇ ಒಂದು ಕೃತಿಯ ಹೆಚ್ಚುಗಾರಿಕೆಯಾಗಲಾರದು. ಈ ಭಾಷೆಯಿಲ್ಲದೆ ಬೇರೆ ಭಾಷೆಯಿಂದ ಸಿದ್ಧಿಸದಿದ್ದ ರಸವೊಂದು ಇಲ್ಲಿ ಸಿದ್ಧಿಸಿದೆಯೆಂದು ತೋರಿಸಬೇಕು.

ನಮ್ಮ ಮತದಲ್ಲಿ ಆ ರಸವು ಕರುಣ. ಕಥೆಯ ಮೇಲ್ಮೈಯಲ್ಲಿ ಕಾಣುವ ಕುತೂಹಲ, ಸಾಹಸ, ಕ್ರೋಧಗಳೆಲ್ಲ ಅದಕ್ಕೆ ಅಂಗಗಳು. ಶವವು ಮೊದಲ ದೃಶ್ಯದಲ್ಲಿಯೇ ಬಂದುಬಿಟ್ಟಿರುವುದು ಇದಕ್ಕೆ ಮೊದಲ ಸಾಕ್ಷಿ. ಕೊಲೆಯನ್ನು ತೋರಿಸದೆ ಕೊಲೆಯಾದವಳನ್ನು ತೋರಿಸಿ ಕಥೆಯನ್ನು ಹಿಂದಕ್ಕೊಯ್ದುದರಿಂದ, ಮುಂದೆ ಟೆಲಿಫೋನಿನಲ್ಲಿ ಆಕೆಯ ದನಿ ಕೇಳಿದಾಗ ನಮಗೆ ಅದು ಸತ್ತವಳ ದನಿಯಾಗಿಯೇ ಕೇಳಿಸುತ್ತದೆ. ಬ್ರೆಂಡನ್ನನು ಆಕೆಯನ್ನು ಉಳಿಸಲು ಓಡಾಡುವಾಗಲೆಲ್ಲ ಆ ಓಟವು ವ್ಯರ್ಥವೆಂದು ನಾವು ಬಲ್ಲೆವು. ವಧವನ್ನು ರಂಗದ ಮೇಲೆ ತೋರಿಸಬಾರದೆಂಬ ನಮ್ಮ ಪೂರ್ವಿಕರ ನಿಯಮದ ಹಿಂದಿನ ವಿವೇಕವು, ಆ ನಿಯಮದ ಹೆಸರನ್ನೂ ಕೇಳದ ಈ ನಿರ್ದೇಶಕನಿಗೆ ಎಮಿಲಿಯ ವಿಷಯದಲ್ಲಿ ಕೈವಶವಾಗಿದೆ.

ಇಂಥ ಶೋಕವನ್ನು ಹೊತ್ತ ಹುಡುಗನಿಗೆ ಅದನ್ನು ಹೇಳಿಕೊಳ್ಳುವ ಮಾತು ಎಲ್ಲಿಂದ ಬರಬೇಕು? ಅವನ ತಂದೆತಾಯಿಗಳು ಚಿತ್ರದಲ್ಲಿ ಕಾಣುವುದೇ ಇಲ್ಲ. ಗುರುಗಳ ಸ್ಥಾನದಲ್ಲಿ ಶಿಸ್ತಿನ ಅಧಿಕಾರಿಯೊಬ್ಬನಿದ್ದಾನೆ. ತನ್ನ ವಯಸ್ಸಿನವರ ಭಾಷೆಯು ಊಟದ ಮೇಜಿನಲ್ಲಿ ಯಾರು ಯಾರೊಡನೆ ಕುಳಿತರು ಎಂಬುದನ್ನು ಹೇಳಬಲ್ಲುದು. ಕೊಲೆಯಾದ ಗೆಳತಿಯ ಹೆಣವನ್ನು ಹೊತ್ತು ಸುರಂಗದೊಳಗೆ ಇಟ್ಟುಬಂದೆನೆಂಬುದನ್ನು ಹೇಳಲಾರದು. ಆದುದರಿಂದ ಅವನು ಸಾವಿನೊಡನೆ ಪಳಗಿದವರ ಭಾಷೆಯನ್ನು ಎರವಲು ತಂದು ತೊಡುತ್ತಾನೆ. ಅದು ಅವನ ಕವಚ. ಭಾವವನ್ನು ಹೆಸರಿಟ್ಟು ಕರೆಯದಿರುವುದೇ ಹ್ಯಾಮೆಟ್ಟನ ನುಡಿಯ ಸ್ವಭಾವವಷ್ಟೆ. ಅಳಬಾರದೆಂದು ಹಲ್ಲುಕಚ್ಚಿದವನಿಗೆ ಅದಕ್ಕಿಂತ ಉಚಿತವಾದ ನುಡಿ ಯಾವುದು? ಕವಚವು ಮೈಗಿಂತ ದೊಡ್ಡದಾಗಿದೆ. ತೊಟ್ಟವನು ಎಷ್ಟು ಚಿಕ್ಕವನೆಂಬುದು ಅದರಿಂದಲೇ ಗೊತ್ತಾಗುತ್ತದೆ. ವಾಚ್ಯಾರ್ಥದಲ್ಲಿ ಕಾಠಿಣ್ಯ, ವ್ಯಂಗ್ಯಾರ್ಥದಲ್ಲಿ ದೈನ್ಯ. ಬಗ್ಸಿ ಮಲೋನನ ಲೋಕದಲ್ಲಿ ನಗುವಿಗೆ ವಿಭಾವವಾದ ಅಂತರವೇ ಇಲ್ಲಿ ಮರುಕಕ್ಕೆ ವ್ಯಂಜಕವಾಗಿದೆ.

ಹಾಗಾದರೆ ಒಂದೇ ಅಂತರವು ಒಂದು ಕಡೆ ಹಾಸ್ಯವನ್ನೂ ಒಂದು ಕಡೆ ಕರುಣವನ್ನೂ ಹುಟ್ಟಿಸುವುದು ಹೇಗೆ? ಪರಿಣಾಮದಿಂದ. ಕೆನೆಯ ಏಟಿಗೆ ಗಾಯವಿಲ್ಲ. ಬ್ರೆಂಡನ್ನನು ತಿಂದ ಏಟುಗಳಾದರೋ ಕಥೆಯ ಕೊನೆಯವರೆಗೂ ಅವನ ಮೈಯಲ್ಲಿ ಉಳಿಯುತ್ತವೆ; ದೃಶ್ಯದಿಂದ ದೃಶ್ಯಕ್ಕೆ ಕೆಮ್ಮು ಹೆಚ್ಚುತ್ತದೆ, ನಡೆ ತತ್ತರಿಸುತ್ತದೆ. ಮಾತು ಎರವಲಿನದು, ರಕ್ತ ಅವನದೇ. ಅನುಭಾವಗಳು ಸತ್ಯವಾದುದರಿಂದ ಭಾವವು ಆಭಾಸವಾಗಲಿಲ್ಲ.

ಹಾಸ್ಯವು ಇಲ್ಲವೇ ಇಲ್ಲವೆಂದಲ್ಲ. ಅಧಿಕಾರಿಯ ಕೋಣೆಯಲ್ಲಿ ಬ್ರೆಂಡನ್ನನು ಪಳಗಿದ ಪತ್ತೇದಾರನ ಠೀವಿಯಿಂದ ಸವಾಲು ಹಾಕುತ್ತಾನೆ. ಆದರೆ ಆ ಸವಾಲಿನ ಕೊನೆಗೆ ಬರುವ ದಂಡನೆಯು ಶಾಲೆಯಿಂದ ಅಮಾನತು, ಪೋಷಕರ ಸಭೆ. ಪಿನ್ನನು ಕರಿಯ ನಿಲುವಂಗಿ ತೊಟ್ಟು, ಊರುಗೋಲು ಹಿಡಿದು, ನೆಲಮಾಳಿಗೆಯಲ್ಲಿ ದರ್ಬಾರು ನಡೆಸುತ್ತಾನೆ. ಮಹಡಿಯ ಮೇಲಿನ ಅಡಿಗೆಮನೆಯಲ್ಲಿ ಅವನ ತಾಯಿಯು ಮಗನ ಗೆಳೆಯರು ಬಂದರೆಂದು ಸಂಭ್ರಮದಿಂದ ಕುಡಿಯಲು ಕೊಟ್ಟು ಉಪಚರಿಸುತ್ತಾಳೆ. ಪ್ರೇಕ್ಷಕನು ನಗುತ್ತಾನೆ. ಆದರೆ ಈ ನಗುವು ಪರಿಮಿತವಾದುದು. ಅಂಗಿಯಾದ ಕರುಣಕ್ಕೆ ಪೋಷಕವಾದುದು. ನಾವು ಭಯಂಕರನೆಂದು ತಿಳಿದವನಿಗೆ ತಾಯಿಯೊಬ್ಬಳಿದ್ದಾಳೆ. ಆಕೆಗೆ ಕೆಳಗೆ ನಡೆಯುವುದೇನೆಂದು ತಿಳಿಯದು. ಮುಂದೊಂದು ಸಂಜೆ, ಕಡಲ ದಡದಲ್ಲಿ ಕುಳಿತು, ಅದೇ ಪಿನ್ನನು ಟಾಲ್ಕಿನ್ನನ ಕಥೆಗಳನ್ನು ಓದಿರುವೆಯಾ ಎಂದು ಬ್ರೆಂಡನ್ನನನ್ನು ಕೇಳುತ್ತಾನೆ; ಆತನ ವರ್ಣನೆಗಳನ್ನು ಓದಿದರೆ ಆ ಸ್ಥಳಕ್ಕೆ ಹೋಗಿಬಿಡಬೇಕೆನ್ನಿಸುತ್ತದೆಂದು ಹೇಳುತ್ತಾನೆ. ಸುಮಾರು ಇಪ್ಪತ್ತಾರು ವಯಸ್ಸಿನವನೆಂದು ಹೆಸರಾಗಿ, ಹುಡುಗರಿಗೆ ಯಮಪ್ರಾಯನಾಗಿರುವ ಇವನೂ ಎರವಲು ಲೋಕವೊಂದನ್ನು ತೊಟ್ಟುಕೊಂಡಿರುವ ಕುಂಟುಗಾಲಿನ ಮಗುವೇ. ಕೆಲವೇ ಮಾತುಗಳ ಈ ಸಣ್ಣ ಪ್ರಸಂಗವು ಚಿತ್ರದ ಸಮಸ್ತ ಭಾಷಾನೀತಿಗೂ ಕೀಲಿಕೈಯಂತಿದೆ.

೬. ಪದಾರ್ಥನಿರ್ಣಯ

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕಾಗಿದೆ. ಬ್ರೆಂಡನ್ನನ ಶೋಧನೆಯು ಎಲ್ಲಿಂದ ಪ್ರಾರಂಭವಾಗುತ್ತದೆಂಬುದನ್ನು ವಾಚಕರು ಗಮನಿಸಬೇಕು. ಹೆಜ್ಜೆಗುರುತಿನಿಂದಲ್ಲ, ಆಯುಧದಿಂದಲ್ಲ, ನಾಲ್ಕು ಶಬ್ದಗಳಿಂದ. ಅವು ಕೇಳಿದವನಿಗೆ ಅರ್ಥವಾಗದ ಶಬ್ದಗಳು. ಕೆಲವು ಸಾಮಾನ್ಯ ನಾಮಗಳಂತೆ ಕಾಣುತ್ತವೆ: ಇಟ್ಟಿಗೆ, ಗುಂಡುಸೂಜಿ, ಎಳೆತ. ಕೆಲವು ವ್ಯಕ್ತಿನಾಮಗಳೆಂದು ಆಮೇಲೆ ತಿಳಿಯುತ್ತದೆ. ಅವನೂ ಅವನ ಮಿತ್ರನೂ ಕುಳಿತು ಯಾವ ಶಬ್ದಕ್ಕೆ ಯಾವ ಅರ್ಥವೆಂದು ಚರ್ಚಿಸುವ ದೃಶ್ಯವು ನಿಘಂಟಿನ ಕೆಲಸವನ್ನು ಬಲ್ಲ ನಮ್ಮಂಥವರಿಗೆ ಚಿರಪರಿಚಿತವಾದುದು. ಎಂದರೆ ಈ ಪತ್ತೇದಾರಿಯು ಮೂಲತಃ ಪದಾರ್ಥನಿರ್ಣಯವೇ.

ಆತನು ನಾಲ್ಕು ಪದಗಳಿಗೂ ಅರ್ಥವನ್ನು ಕಂಡುಹಿಡಿಯುತ್ತಾನೆ, ಒಂದಕ್ಕೂ ತಪ್ಪುವುದಿಲ್ಲ. ಆದರೆ ಆ ಪದಗಳನ್ನು ಆಡಿದವಳನ್ನು ಮಾತ್ರ ಅವನು ಬದುಕಿದ್ದಾಗಲೂ ಅರಿಯಲಿಲ್ಲ, ಸತ್ತ ಮೇಲೂ ಕೊನೆಯ ಗಳಿಗೆಯವರೆಗೆ ಅರಿಯಲಿಲ್ಲ. ಹಿಂದೊಮ್ಮೆ ಆಕೆಯನ್ನು ಕಾಪಾಡುವೆನೆಂದು ಅವನು ಒಬ್ಬ ಸಂಗಡಿಗನನ್ನು ಶಾಲೆಯ ಅಧಿಕಾರಿಗೆ ಒಪ್ಪಿಸಿದ್ದನು. ಆಕೆ ಅವನನ್ನು ಬಿಟ್ಟುಹೋದುದು ಅದಾದ ಮೇಲೆಯೇ. ಆಕೆ ಅವನನ್ನು ಕೊನೆಯ ಬಾರಿ ಕಂಡಾಗ ಹೇಳಿದುದರ ಸಾರವು ಇಷ್ಟೆ: ಲೋಕವನ್ನೆಲ್ಲ ದೂರದಿಂದ ಹಳಿಯುತ್ತ ನಿನ್ನೊಬ್ಬನ ಜೊತೆಯಲ್ಲಿ ಕುಳಿತಿರಲಾರೆ, ನನಗೆ ಜನರು ಬೇಕು. ಇದರಲ್ಲಿ ಯಾವ ಗುಟ್ಟುಮಾತೂ ಇಲ್ಲ, ಬಿಡಿಸಬೇಕಾದ ಒಗಟೂ ಇಲ್ಲ. ಆದರೆ ಬ್ರೆಂಡನ್ನನು ಇದನ್ನು ಕೇಳಿಸಿಕೊಳ್ಳದೆ, ಆಕೆಯ ಕೈಯಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಅದರ ಗುರುತಿನ ಅರ್ಥವೇನೆಂದು ಯೋಚಿಸುತ್ತ ಹೋಗುತ್ತಾನೆ. ಕಷ್ಟಪದಗಳಿಗೆ ಟೀಕೆ ಬರೆದು ಸುಲಭವಾಕ್ಯದ ತಾತ್ಪರ್ಯವನ್ನು ತಪ್ಪಿಸಿಕೊಂಡ ವ್ಯಾಖ್ಯಾನಕಾರನಂತಾಯಿತು ಅವನ ಸ್ಥಿತಿ.

ಕೊನೆಯಲ್ಲಿ ಲಾರಾ ಕಿವಿಯಲ್ಲಿ ಆಡಿದ ಮಾತು ಇದಕ್ಕೆ ಸರಿಯಾದ ಪ್ರತಿಮುಖ. ಮೊದಲಲ್ಲಿ ನಮಗೂ ಅವನಿಗೂ ಕೇಳಿಸಿದ, ಆದರೆ ಇಬ್ಬರಿಗೂ ತಿಳಿಯದ ನಾಲ್ಕು ಮಾತುಗಳು. ಕೊನೆಯಲ್ಲಿ ಅವನಿಗೆ ತಿಳಿದು ನಮಗೆ ಕೇಳಿಸದ ಒಂದು ಮಾತು. ಆಕೆ ಏನೆಂದಳೆಂದು ಮಿತ್ರನು ಕೇಳಿದಾಗ, ಬೈದಳು ಎಂದಷ್ಟೇ ಹೇಳಿ ಬ್ರೆಂಡನ್ನನು ಸುಮ್ಮನಾಗುತ್ತಾನೆ. ಅಲ್ಲಿಯವರೆಗೆ ಎಲ್ಲದಕ್ಕೂ ಚುರುಕಾಗಿ ಪ್ರತ್ಯುತ್ತರ ಕೊಟ್ಟ ನಾಲಿಗೆಗೆ ಅಲ್ಲಿ ಉತ್ತರವಿಲ್ಲ. ಸತ್ತುದು ಒಂದು ಜೀವವಲ್ಲ, ಎರಡು, ಎರಡನೆಯದು ತನ್ನದಾಗಿರಬಹುದು, ಈ ಶೋಧನೆಯ ಜಯವೆಲ್ಲ ಆ ಒಂದು ಉಸಿರಿನಲ್ಲಿ ಬೂದಿಯಾಯಿತು. ಎರವಲಿನ ಭಾಷೆಯು ಕೊಲೆಗಾರನನ್ನು ಹಿಡಿದುಕೊಟ್ಟಿತು. ಶೋಕವನ್ನು ಕಳೆಯಲಾರದೆ ಹೋಯಿತು. ಕವಚದ ಉಪಯೋಗವೂ ಅದರ ಮಿತಿಯೂ ಒಂದೇ ದೃಶ್ಯದಲ್ಲಿ ತೋರಿದುದರಿಂದ, ಭಾಷಾವ್ಯತಿಕ್ರಮಕ್ಕೆ ಕಾರಣವೂ ಪ್ರಯೋಜನವೂ ಎರಡೂ ಸಿದ್ಧವಾದುವು. ಇದೇ ನಾವು ಹೇಳುವ ಔಚಿತ್ಯ.

೭. ದೋಷವಿಚಾರ

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ವಿಮರ್ಶಕನ ಧರ್ಮವಲ್ಲ. ಮೊದಲನೆಯದು ಕ್ಲಿಷ್ಟತೆ. ಇಟ್ಟಿಗೆಯನ್ನು ಯಾರು ಕದ್ದರು, ಯಾರು ಕಲಬೆರಕೆ ಮಾಡಿದರು, ಯಾರ ಮೇಲೆ ಹೊರಿಸಿದರು ಎಂಬುದೆಲ್ಲ ಕೊನೆಯ ಸಂಭಾಷಣೆಯಲ್ಲಿ ಒಂದೇ ಉಸಿರಿಗೆ ಬಂದು ಬೀಳುತ್ತದೆ. ಮಾತಿನ ವೇಗ, ಹಳೆಯ ಪದಗಳ ಸಂದಣಿ ಇವೆರಡೂ ಸೇರಿ, ಇಂಗ್ಲಿಷನ್ನು ಚೆನ್ನಾಗಿ ಬಲ್ಲವರಿಗೂ ಎರಡನೆಯ ಸಲ ನೋಡದೆ ಕಥೆಯು ಪೂರ್ತಿಯಾಗಿ ತಿಳಿಯದು. ರಸಪ್ರತೀತಿಗೆ ವಿಳಂಬವುಂಟುಮಾಡುವುದು ದೋಷವೆಂಬುದರಲ್ಲಿ ಸಂದೇಹವಿಲ್ಲ.

ಎರಡನೆಯದು ಹೆಚ್ಚು ಗಂಭೀರವಾದುದು. ಕರುಣಕ್ಕೆ ಆಲಂಬನವಾದ ಎಮಿಲಿಗೆ ಚಿತ್ರವು ಕೊಟ್ಟ ಅವಕಾಶವು ತೀರ ಸ್ವಲ್ಪ. ಆಕೆಯ ಭಯವನ್ನು ಕಾಣುತ್ತೇವೆ, ನಗುವನ್ನು ಕಾಣುವುದಿಲ್ಲ. ಬ್ರೆಂಡನ್ನನು ಆಕೆಯನ್ನು ಅರಿಯಲಿಲ್ಲವೆಂಬುದು ಕಥೆಯ ತಿರುಳೇ ಆಗಿರಬಹುದು. ಆದರೆ ನಾಯಕನು ಅರಿಯದುದನ್ನು ಪ್ರೇಕ್ಷಕನಿಗಾದರೂ ಕಾಣಿಸಬೇಕಾದುದು ಕವಿಯ ಹೊಣೆ. ಲಾರಾಳೂ ಹೀಗೆಯೇ. ಕಪ್ಪು ಚಿತ್ರಗಳ ಮೋಹಿನಿಯ ಅಚ್ಚಿನಲ್ಲಿ ಎರಕಹೊಯ್ದ ಆಕೆಗೆ, ಆ ವಯಸ್ಸಿನಲ್ಲಿ ಅಷ್ಟು ಕ್ರೌರ್ಯವು ಎಲ್ಲಿಂದ ಬಂದಿತೆಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ. ಎರವಲಿನ ಭಾಷೆಗೆ ಹುಡುಗರ ವಿಷಯದಲ್ಲಿ ಕಾರಣವನ್ನು ತೋರಿಸಿದ ನಿರ್ದೇಶಕನು, ಎರವಲಿನ ಪಾತ್ರಕ್ಕೆ ಹುಡುಗಿಯರ ವಿಷಯದಲ್ಲಿ ಕಾರಣವನ್ನು ತೋರಿಸಲಿಲ್ಲ. ಇಲ್ಲಿ ಪೂರ್ವಪಕ್ಷವು ಅಷ್ಟರಮಟ್ಟಿಗೆ ನಿಲ್ಲುತ್ತದೆಂದು ಒಪ್ಪಬೇಕು.

ಸಂಗೀತದ ವಿಷಯವಾಗಿ ಒಂದು ಮಾತು. ನಿರ್ದೇಶಕನ ಬಂಧುವಾದ ನೇಥನ್ ಜಾನ್‌ಸನ್ನನು ಪಿಯಾನೊ ಮುಂತಾದ ವಾದ್ಯಗಳ ಜೊತೆಗೆ ಅಡಿಗೆಯ ಸಾಮಾನು, ಕಾಗದ ಪತ್ರಗಳ ಕಬ್ಬಿಣದ ಪೆಟ್ಟಿಗೆ ಮೊದಲಾದ ಮನೆಬಳಕೆಯ ವಸ್ತುಗಳಿಂದಲೂ ನಾದವನ್ನು ಹೊರಡಿಸಿದ್ದಾನೆ. ಹಳೆಯ ಚಿತ್ರಗಳ ತುಂಬುವಾದ್ಯಗೋಷ್ಠಿಯ ಧಾಟಿಯನ್ನು ಕೈಗೆ ಸಿಕ್ಕಿದ ಸಾಮ್ರಗಿಯಿಂದ ನುಡಿಸಿದಂತಿರುವ ಈ ಸಂಗೀತವು, ದೊಡ್ಡವರ ಮಾತನ್ನು ಎರವಲು ತಂದ ಹುಡುಗರ ಕಥೆಗೆ ಸರ್ವಥಾ ಅನುರೂಪವಾಗಿದೆ.

೮. ನಿಗಮನ

ಇಷ್ಟರಿಂದ ಫಲಿತವಾದುದು ಇದು. ಔಚಿತ್ಯವೆಂದರೆ ಪಾತ್ರದ ವಯಸ್ಸು, ಕಾಲ, ದೇಶಗಳಿಗೆ ಮಾತನ್ನು ಅಳೆದು ಹೊಲಿಯುವುದಷ್ಟೇ ಅಲ್ಲ. ಸೊಂಟದ ಪಟ್ಟಿಯನ್ನು ಕೊರಳಿಗೆ ಕಟ್ಟಿಕೊಂಡವರು ನಗೆಗೀಡಾಗುವರೆಂಬ ಕ್ಷೇಮೇಂದ್ರನ ದೃಷ್ಟಾಂತವು ಸತ್ಯ. ಆದರೆ ದುಃಖದಿಂದ ಕಂಗೆಟ್ಟವನು ಹಾಗೆ ಕಟ್ಟಿಕೊಂಡು ಬಂದರೆ ಸಹೃದಯನು ನಗುವುದಿಲ್ಲ, ಏಕೆಂದು ಕೇಳುತ್ತಾನೆ. ಕೃತಿಯು ಆ ‘ಏಕೆ’ಗೆ ಒಳಗಿನಿಂದ ಉತ್ತರ ಕೊಟ್ಟರೆ ಅನೌಚಿತ್ಯವೇ ಔಚಿತ್ಯವಾಗುತ್ತದೆ, ಕೊಡದಿದ್ದರೆ ದೋಷವು ದೋಷವಾಗಿಯೇ ಉಳಿಯುತ್ತದೆ. ‘ಬ್ರಿಕ್’ ಚಿತ್ರದಲ್ಲಿ ಈ ಎರಡಕ್ಕೂ ನಿದರ್ಶನಗಳಿರುವುದರಿಂದ, ಔಚಿತ್ಯವನ್ನು ಬೋಧಿಸುವವರಿಗೆ ಅದು ಉಪಯುಕ್ತವಾದ ಕೃತಿ.

ಸಾಹಿತ್ಯವನ್ನು ಕಲಿಸುವವರಾದ ನಮಗೆ ಇನ್ನೊಂದು ವಿಚಾರವೂ ಇದೆ. ನಮ್ಮ ತರಗತಿಗಳಲ್ಲಿ ಕುಳಿತ ತರುಣರು ತಮ್ಮದಲ್ಲದ ಮಾತನ್ನಾಡುವುದನ್ನು, ಗ್ರಂಥದ ನುಡಿಯನ್ನೋ ಚಿತ್ರದ ನುಡಿಯನ್ನೋ ಎರವಲು ತಂದು ಠೀವಿಯಿಂದ ನಿಲ್ಲುವುದನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಅನುಕರಣವೆಂದು ತಿದ್ದಿದ್ದೇವೆ, ಕೆಲವು ವೇಳೆ ನಕ್ಕಿದ್ದೇವೆ. ಈ ಚಿತ್ರದಲ್ಲಿ ಬ್ರೆಂಡನ್ನನ ಎದುರಿಗೆ ಕುಳಿತ ಶಾಲೆಯ ಅಧಿಕಾರಿಯು ದುಷ್ಟನಲ್ಲ, ಮಂದಮತಿಯೂ ಅಲ್ಲ. ಹುಡುಗನ ಮಾತುಗಳನ್ನೆಲ್ಲ ಅವನು ಸರಿಯಾಗಿ ಕೇಳಿ, ತಕ್ಕ ಉತ್ತರವನ್ನೂ ಕೊಡುತ್ತಾನೆ. ಆದರೆ ಆ ಮಾತನ್ನು ಈತನು ಏತಕ್ಕಾಗಿ ತೊಟ್ಟುಕೊಂಡಿದ್ದಾನೆಂದು ಅವನು ಕೇಳುವುದಿಲ್ಲ.